ಬಾನೆಟ್ಟಿನೊಳಗಿನ ಬಾವಿ

ಮನೆಗೆ ಕಾರು ಬಂದ ದಿನ ಅದಕ್ಕೆ ದೊರೆಯುವ ಸತ್ಕಾರ ಹೊಸ ಸೊಸೆಗೂ ದೊರೆಯುವುದು ಕಷ್ಟ. ನಾಲ್ಕು ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣು, ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಎದುರಿಗೆ ತೆಂಗಿನಕಾಯಿ. ಬಳಿಕ ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಇದೇ ಉಪಚಾರ ತಪ್ಪದೆ ನಡೆಯುತ್ತದೆ. ಪೂಜೆಯೆಲ್ಲವೂ ಬಾನೆಟ್ಟಿನ ಮೇಲೆ; ಅದರ ಒಳಗೇನಿದೆ ಎಂದು ಕೇಳುವವರು ಮಾತ್ರ ವಿರಳ. ದೇವರಿಗೆ ಹೂವೇರಿಸಿ ದೀಪಕ್ಕೆ ಎಣ್ಣೆ ಹಾಕಲು ಮರೆಯುವ ಭಕ್ತರಂತೆ, ಕಾರುಳ್ಳ ಗೃಹಸ್ಥರು ಅದರ ಮೈಯನ್ನು ಕನ್ನಡಿಯಂತೆ ಒರೆಸಿ, ಒಡಲಿಗೆ ಬೇಕಾದ ಒಂದು ತಂಬಿಗೆ ನೀರನ್ನು ಮರೆತುಬಿಡುತ್ತಾರೆ.

ಈ ಮರೆವಿಗೆ ಎಲ್ಲ ಊರುಗಳೂ ಒಂದೇ ದಂಡವನ್ನು ವಿಧಿಸುವುದಿಲ್ಲ. ಬೀದರ ಜಿಲ್ಲೆಯ ಬಿಸಿಲು ಈ ವಿಷಯದಲ್ಲಿ ಬಲು ನಿಷ್ಠುರವಾದ ನ್ಯಾಯಾಧೀಶ. ಬೀದರ ನಗರವೇನೋ ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಕೆಂಪುಕಲ್ಲಿನ ದಿಬ್ಬದ ಮೇಲಿದೆ. ಬೇಸಗೆಯಲ್ಲಿಯೂ ಸಂಜೆಯ ಗಾಳಿ ಹಿತವಾಗಿರುತ್ತದೆ. ಆದರೆ ಹಗಲಿನ ಮಾತೇ ಬೇರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾದರಸ 40 ಡಿಗ್ರಿಯನ್ನು ಮುಟ್ಟುವುದು ಅಲ್ಲಿ ಅಪರೂಪವಲ್ಲ. ನಗರದಿಂದ ಭಾಲ್ಕಿಗೂ ಔರಾದಿಗೂ ಹತ್ತಿರ ಹತ್ತಿರ 40 ಕಿಲೋಮೀಟರುಗಳ ದಾರಿ. ಔರಾದಿನ ದಾರಿಯಂತೂ ದಿಬ್ಬದಿಂದಿಳಿದು, ಮಾಂಜ್ರಾ ನದಿಯನ್ನು ದಾಟಿ, ಕಪ್ಪುಮಣ್ಣಿನ ಬಯಲಿನಲ್ಲಿ ಸಾಗುತ್ತದೆ. ಮರಳಿ ಬರುವಾಗ ಅದೇ ದಿಬ್ಬವನ್ನು ಏರಬೇಕು. ಇಳಿಯುವಾಗ ಸುಮ್ಮನಿದ್ದ ಎಂಜಿನ್ನು ಏರುವಾಗ ತನ್ನ ಲೆಕ್ಕವನ್ನು ಒಪ್ಪಿಸುತ್ತದೆ.

ಆ ಲೆಕ್ಕವಾದರೂ ಎಂತಹುದು? ಎಂಜಿನ್ನಿನ ಒಳಗೆ ಪೆಟ್ರೋಲು ಉರಿಯುವ ಕ್ಷಣದಲ್ಲಿ ಹುಟ್ಟುವ ಶಾಖ 2,000 ಡಿಗ್ರಿಯನ್ನೂ ಮೀರುವುದುಂಟು. ಆ ಶಾಖದಲ್ಲಿ ಗಾಲಿಯನ್ನು ತಿರುಗಿಸುವ ಕೆಲಸಕ್ಕೆ ಒದಗುವುದು ಕಾಲುಭಾಗ, ಹೆಚ್ಚೆಂದರೆ ಮೂರರಲ್ಲೊಂದು ಭಾಗ. ಹೆಚ್ಚುಕಡಮೆ ಅಷ್ಟೇ ಪಾಲನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತೊಯ್ದು ರೇಡಿಯೇಟರಿಗೆ ಒಪ್ಪಿಸಬೇಕು. ರೇಡಿಯೇಟರು ಅದನ್ನು ಗಾಳಿಗೆ ಒಪ್ಪಿಸಬೇಕು. ತಣಿದ ನೀರು ಮತ್ತೆ ಎಂಜಿನ್ನಿಗೆ ಮರಳಬೇಕು. ಪಂಪು ನೂಕುತ್ತದೆ, ಥರ್ಮೋಸ್ಟ್ಯಾಟು ಬಾಗಿಲು ಕಾಯುತ್ತದೆ, ಫ್ಯಾನು ಬೀಸುತ್ತದೆ. ಈ ಪರಿವಾರದಲ್ಲಿ ಒಬ್ಬರು ಮುನಿದರೂ ಮನೆಯೆಲ್ಲ ಕುದಿಯುತ್ತದೆ.

ಕಣ್ಣಿಗೆ ಕಾಣದೆ ಹರಿಯುವ ನೀರಿನ ಮಹಿಮೆಯನ್ನು ಬೀದರಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನು ಗುಲಬರ್ಗೆಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಬಳಿಕ, ಪರ್ಷಿಯಾ ದೇಶದ ವಿದ್ಯೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ಹರಿಸಲಾಯಿತು. ಕರೇಜ್ ಎಂದು ಅದರ ಹೆಸರು. ನಗರದ ಅಂಚಿನ ನೌಬಾದಿನಲ್ಲಿ ಅದರ ಬಾವಿಗಳ ಸಾಲು ಇಂದಿಗೂ ಇದೆ. ಮೇಲೆ ಬಿಸಿಲು ಎಷ್ಟೇ ಉರಿಯಲಿ, ಕೆಳಗಿನ ಹರಿವು ಆವಿಯಾಗದೆ ಊರನ್ನು ಮುಟ್ಟುತ್ತಿತ್ತು. ಆದರೆ ಕಾಣದ ವಸ್ತುವನ್ನು ಮರೆಯುವುದು ಮನುಷ್ಯನ ಗುಣವಷ್ಟೆ. ಕಾಲಕ್ರಮದಲ್ಲಿ ಸುರಂಗದಲ್ಲಿ ಹೂಳು ತುಂಬಿತು. ಬಾವಿಗಳು ಕಸದ ಗುಂಡಿಗಳಾದವು. 2010ರ ದಶಕದಲ್ಲಿ ಹೂಳೆತ್ತುವ ಕೆಲಸ ನಡೆದ ಮೇಲೆಯೇ ಆ ಜಲಮಾರ್ಗ ಮತ್ತೆ ಜನರ ಕಣ್ಣಿಗೆ ಬಿದ್ದದ್ದು.

ಪ್ರತಿಯೊಂದು ಕಾರಿನ ಬಾನೆಟ್ಟಿನೊಳಗೂ ಅಂತಹುದೇ ಒಂದು ಪುಟ್ಟ ಕರೇಜ್ ಇದೆ. ಅದಕ್ಕೂ ಹೂಳು ತುಂಬುತ್ತದೆ. ಕೊಳವೆಬಾವಿಯ ಗಡಸುನೀರನ್ನು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ಎಲ್ಲ ಗೃಹಿಣಿಯರೂ ಬಲ್ಲರು. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ, ಅಲ್ಲಿನ ಸಣ್ಣ ಸಣ್ಣ ನಾಳಗಳಲ್ಲಿ ಅದೇ ಪದರ ಕಟ್ಟುತ್ತದೆ. ಜೊತೆಗೆ ತುಕ್ಕು ಬೇರೆ. ಆದುದರಿಂದಲೇ ಶುದ್ಧೀಕರಿಸಿದ ನೀರಿಗೆ ಕೂಲೆಂಟ್ ಎಂಬ ದ್ರವವನ್ನು ಬಹುಮಟ್ಟಿಗೆ ಸಮಸಮನಾಗಿ ಬೆರೆಸಿ ತುಂಬುವುದು, ಕಾರಿನ ಕೈಪಿಡಿ ಹೇಳಿದ ಕಾಲಕ್ಕೆ ಅದನ್ನು ಬದಲಿಸುವುದು ರೂಢಿಗೆ ಬಂದಿದೆ. ಅದು ತುಕ್ಕನ್ನು ತಡೆಯುತ್ತದೆ. ನೀರು ಬೇಗ ಕುದಿಯದಂತೆಯೂ ನೋಡಿಕೊಳ್ಳುತ್ತದೆ. ಬೀದರಿನ ಎತ್ತರದಲ್ಲಿ ಬರಿಯ ನೀರು ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಸುಮಾರು ಎರಡು ಡಿಗ್ರಿ ಮೊದಲೇ ಕುದಿಯುವುದರಿಂದ, ಈ ಕಾವಲು ಅಲ್ಲಿ ಇನ್ನಷ್ಟು ಅವಶ್ಯ.

ಓಡಿಸುವವರ ಅಲಕ್ಷ್ಯ ಒಂದು ಬಗೆಯದಾದರೆ, ಓಡಿಸದವರ ಅಲಕ್ಷ್ಯ ಇನ್ನೊಂದು ಬಗೆಯದು. ಪೇಟೆಯ ಕೆಲಸಕ್ಕೆ ಸ್ಕೂಟರು ಸಾಕು, ಕಾರೇನಿದ್ದರೂ ಮದುವೆ ಮುಂಜಿಗಳಿಗೆ ಎನ್ನುವವರ ಅಂಗಳದಲ್ಲಿ ಕಾರು ತಿಂಗಳುಗಟ್ಟಲೆ ಮುಸುಕು ಹೊದ್ದು ಮಲಗಿರುತ್ತದೆ. ಬಳಸದಿದ್ದರೆ ಸವೆಯದು ಎಂಬುದು ಅವರ ತರ್ಕ. ಭಾಲ್ಕಿಯ ಮುದಿ ಮಿಸ್ತ್ರಿಯೊಬ್ಬರು ಇಂತಹ ತರ್ಕವನ್ನು ಕೇಳಿದಾಗಲೆಲ್ಲ ಕೈಯ ಎಣ್ಣೆಯನ್ನು ಅರಿವೆಗೆ ಒರೆಸುತ್ತ ಹೇಳುವುದು ಒಂದೇ ಮಾತು: “ಓಡೋ ಗಾಡಿಗಿ ರೋಗಿಲ್ರಿ ಸಾಹೇಬ್ರೆ, ನಿಂತ ಗಾಡಿಗೇ ರೋಗ.”

ಮಿಸ್ತ್ರಿಯ ಮಾತಿನಲ್ಲಿ ಉತ್ಪ್ರೇಕ್ಷೆಯಿದ್ದರೂ ಸುಳ್ಳಿಲ್ಲ. ನಿಂತ ಕಾರಿನ ಬ್ಯಾಟರಿ ತಾನಾಗಿಯೇ ಬರಿದಾಗುತ್ತದೆ. ಒಂದೇ ಮಗ್ಗುಲಿನ ಭಾರದಿಂದ ಟಯರು ಚಪ್ಪಟೆಯಾಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬ್ರೇಕು ಅಂಟಿಕೊಳ್ಳುತ್ತದೆ; ಗಾಲಿಗೆ ಕಲ್ಲು ಕೊಟ್ಟು ಬ್ರೇಕನ್ನು ಸಡಿಲಬಿಡುವುದೇ ಲೇಸು. ಒದ್ದೆಯಾದ ಮುಸುಕಿನೊಳಗೆ ತೇವ ನಿಂತು ಬಣ್ಣವನ್ನು ಕೆಡಿಸುತ್ತದೆ. ಎಲ್ಲಕ್ಕಿಂತ ಮಿಗಿಲಾದ ಶತ್ರು ಗಣಪತಿಯ ವಾಹನ. ಬಾನೆಟ್ಟಿನ ಕೆಳಗಿನ ಕತ್ತಲೆ ಅದಕ್ಕೆ ಅರಮನೆ. ತಂತಿಯೂ ರಬ್ಬರು ಕೊಳವೆಯೂ ಅದಕ್ಕೆ ಫಲಾಹಾರ. ಹದಿನೈದು ದಿನಗಳಿಗೊಮ್ಮೆ ಬಾನೆಟ್ಟನ್ನೆತ್ತಿ ನೋಡಿ, ಅರ್ಧ ಗಂಟೆ ದಾರಿಯ ಮೇಲೆ ಓಡಿಸಿ ತಂದರೆ ಈ ರೋಗಗಳಲ್ಲಿ ಬಹುಪಾಲು ತಲೆಯೆತ್ತುವುದಿಲ್ಲ. ನಿಂತಲ್ಲಿಯೇ ಐದು ನಿಮಿಷ ಎಂಜಿನ್ನನ್ನು ಗುರುಗುಟ್ಟಿಸಿ ನಿಲ್ಲಿಸುವುದು ಹಾಸಿಗೆಯಲ್ಲಿ ಮಲಗಿ ವ್ಯಾಯಾಮ ಮಾಡಿದಂತೆ.

ಇದನ್ನು ಔರಾದಿನ ಒಬ್ಬ ಗೃಹಸ್ಥರು ಕಲಿತದ್ದು ಏಪ್ರಿಲ್ ತಿಂಗಳ ಒಂದು ಮುಂಜಾನೆ. ಮಗಳಿಗೆ ಬೀದರಿನಲ್ಲಿ ಸಿ.ಇ.ಟಿ. ಪರೀಕ್ಷೆ, ಹತ್ತೂವರೆಗೆ ಮೊದಲ ಪತ್ರಿಕೆ. ಎರಡು ವರ್ಷ ದೀಪ ಆರಿಸದೆ ಓದಿದ ಹುಡುಗಿಯನ್ನು ಬಸ್ಸಿನ ನೂಕುನುಗ್ಗಲಿಗೆ ಒಡ್ಡಲು ತಂದೆಗೆ ಮನಸ್ಸಾಗಲಿಲ್ಲ. ಸಂಕ್ರಾಂತಿಯಿಂದ ಮುಸುಕು ಹೊದ್ದಿದ್ದ ಕಾರನ್ನು ಹಿಂದಿನ ಸಂಜೆ ತೊಳೆದರು, ಒರೆಸಿದರು, ಬಾನೆಟ್ಟನ್ನು ಎತ್ತಲಿಲ್ಲ. ಏಳೂವರೆಗೆ ಮೂವರೂ ಹೊರಟರು. ಸಂತಪುರ ದಾಟಿ ಕೌಠಾದ ಕಡೆಗೆ ಸಾಗುತ್ತಿರುವಾಗ ಒಳಗಿನ ತಂಪುಗಾಳಿ ಬೆಚ್ಚಗಾಯಿತು. ಏನೋ ಸಿಹಿಯಾದ ವಾಸನೆ ಮೂಗಿಗೆ ಬಂದಿತು. ಸದಾ ನಡುವಿನಲ್ಲಿ ನಿಲ್ಲುತ್ತಿದ್ದ ಶಾಖದ ಮುಳ್ಳು ಕೆಂಪು ಗೆರೆಯ ಕಡೆಗೆ ವಾಲಿತ್ತು.

ಆ ಕ್ಷಣ ಮನುಷ್ಯನ ಮನಸ್ಸು ಹೇಳುವ ಬುದ್ಧಿವಾದ ಒಂದೇ: ಇನ್ನು ಉಳಿದಿರುವುದು ಸ್ವಲ್ಪವೇ ದೂರ, ಹೇಗಾದರೂ ಓಡಿಸಿಬಿಡು. ಎಷ್ಟೋ ಎಂಜಿನ್ನುಗಳ ಅಂತ್ಯವಾಗಿರುವುದು ಈ ‘ಹೇಗಾದರೂ’ ಎಂಬ ಮಾತಿನಿಂದಲೇ. ಅತಿಯಾದ ಕಾವಿಗೆ ಎಂಜಿನ್ನಿನ ಅಲ್ಯೂಮಿನಿಯಂ ತಲೆ ಸೊಟ್ಟಗಾಗುತ್ತದೆ. ಅದರ ಕೆಳಗಿನ ಗ್ಯಾಸ್ಕೆಟ್ಟು ಸುಡುತ್ತದೆ. ಒಂದು ಕೊಳವೆಯ ಬೆಲೆಯಲ್ಲಿ ಮುಗಿಯಬಹುದಾದ ಕೆಲಸ ಎಂಜಿನ್ನನ್ನೇ ಬಿಚ್ಚುವವರೆಗೆ ಬೆಳೆಯುತ್ತದೆ. ಗೃಹಸ್ಥರೂ ಕಾಲನ್ನು ಇನ್ನಷ್ಟು ಒತ್ತಿದರು. ಹೆಂಡತಿ ತೋಳು ಹಿಡಿದು ನಿಲ್ಲಿಸಿದರು.

ಬೇವಿನ ಮರವೊಂದರ ನೆರಳಿಗೆ ಕಾರು ನಿಂತಿತು. ಬಾನೆಟ್ಟಿನ ಸಂದಿನಿಂದ ಹಬೆ ಏಳುತ್ತಿತ್ತು. ಅದು ಸ್ವಲ್ಪ ತಗ್ಗಿದೊಡನೆಯೇ ಬಾನೆಟ್ಟನ್ನೆತ್ತಿ, ಕೈಯಲ್ಲಿ ನೀರಿನ ಬಾಟಲಿ ಹಿಡಿದು, ಅವರು ರೇಡಿಯೇಟರಿನ ಮುಚ್ಚಳದ ಕಡೆಗೆ ಕೈ ಚಾಚಿದರು.

“ಹಬೆ ಇಳೀಲಾರದೆ ಕುಕ್ಕರಿನ ಮುಚ್ಚಳ ತೆಗೀತಾರೇನ್ರಿ?” ಎಂದರು ಹೆಂಡತಿ.

ಚಾಚಿದ ಕೈ ಹಿಂದೆ ಬಂದಿತು. ಎಂಜಿನಿಯರಿಂಗಿನ ಯಾವ ಗ್ರಂಥವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು. ರೇಡಿಯೇಟರಿನ ಮುಚ್ಚಳ ನಿಜವಾಗಿಯೂ ಕುಕ್ಕರಿನ ಮುಚ್ಚಳವೇ. ಅದು ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದಲೇ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತೆರೆದೊಡನೆ ಆ ಒತ್ತಡ ಕಳೆದು, ಕುದಿವ ನೀರು ಹಬೆಯೊಡನೆ ಒಮ್ಮೆಗೇ ಮುಖಕ್ಕೂ ಕಣ್ಣಿಗೂ ಚಿಮ್ಮುತ್ತದೆ. ಅಡಿಗೆಮನೆಯಲ್ಲಿ ದಿನವೂ ಪಾಲಿಸುವ ನಿಯಮವನ್ನು ದಾರಿಯಲ್ಲಿ ಮರೆತು ಮುಖ ಸುಟ್ಟುಕೊಂಡವರು ಎಷ್ಟೋ ಮಂದಿ.

ಅಷ್ಟರಲ್ಲಿ ಬೀದರಿನ ಕೆಂಪು ಬಸ್ಸು ಬಂದಿತು. ತಾಯಿ ಕೈ ಅಡ್ಡ ಹಿಡಿದು ನಿಲ್ಲಿಸಿ ಮಗಳನ್ನು ಹತ್ತಿಸಿ ತಾವೂ ಹತ್ತಿದರು. “ತಂಗೀ, ಗಡಬಡ ಮಾಡಬ್ಯಾಡ, ಸಾವಕಾಶ ಬರೀ,” ಎಂದು ತಂದೆ ಕಿಟಕಿಯ ಬಳಿ ಹೇಳಿದರು. ಅದು ಮಗಳಿಗೆ ಹೇಳಿದ ಮಾತಾದರೂ ಆ ದಿನ ಅವರಿಗೇ ಹೆಚ್ಚು ಬೇಕಾಗಿದ್ದಿತು. ಬಸ್ಸು ಮರೆಯಾದ ಬಳಿಕ ಅವರು ಮುಕ್ಕಾಲು ಗಂಟೆ ಬೇವಿನ ಬುಡದಲ್ಲಿ ಕುಳಿತರು. ಎಂಜಿನ್ನು ತಣಿದ ಮೇಲೆ ದಪ್ಪ ಅರಿವೆಯನ್ನು ಮುಚ್ಚಳದ ಮೇಲಿಟ್ಟು, ಮೆಲ್ಲಮೆಲ್ಲನೆ ತಿರುಗಿಸಿ ತೆರೆದರು. ಒಳಗೆ ನೀರೇ ಇರಲಿಲ್ಲ. ಸಂತಪುರದಿಂದ ಮೋಟಾರುಸೈಕಲ್ಲಿನಲ್ಲಿ ಬಂದ ತರುಣ ಮಿಸ್ತ್ರಿ ಕೆಳಗಿನ ಕೊಳವೆಯಲ್ಲಿ ಇಲಿ ಕಚ್ಚಿದ ಗುರುತನ್ನು ತೋರಿಸಿ, ಮೊದಲು ಕೊಳವೆಯನ್ನು ಬದಲಿಸಿದನು. ಆಮೇಲೆ ನೀರನ್ನು ಸ್ವಲ್ಪಸ್ವಲ್ಪವಾಗಿ ತುಂಬಿದನು. ಕಾದ ಲೋಹಕ್ಕೆ ತಣ್ಣೀರು ಸುರಿದರೆ ಅದು ಬಿರಿಯಬಹುದೆಂದು ಎಚ್ಚರಿಸಲೂ ಮರೆಯಲಿಲ್ಲ.

ಬೆಳಗಿನ ಪತ್ರಿಕೆ ಮುಗಿಯುವ ವೇಳೆಗೆ ಗೃಹಸ್ಥರು ಪರೀಕ್ಷಾಕೇಂದ್ರದ ಬಾಗಿಲಲ್ಲಿದ್ದರು. ಪತ್ರಿಕೆ ಹೇಗಿತ್ತೆಂದು ಅವರು ಕೇಳುವ ಮೊದಲೇ ಮಗಳು ಕೇಳಿದಳು: “ಅಪ್ಪಾ, ಗಾಡಿ ಹ್ಯಾಂಗದ?”

ಕಾರಿನ ಚರಿತ್ರೆಯಲ್ಲಿ ಹೆಣ್ಣುಮಕ್ಕಳ ಸಮಯಸ್ಫೂರ್ತಿ ಹೊಸದಲ್ಲ. 1888ರ ಆಗಸ್ಟ್ ತಿಂಗಳಿನಲ್ಲಿ ಜರ್ಮನಿಯ ಬೆರ್ತಾ ಬೆಂಟ್ಸ್ ಎಂಬ ಮಹಿಳೆ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಗಂಡ ಕಾರ್ಲ್ ಬೆಂಟ್ಸ್ ನಿರ್ಮಿಸಿದ ಮೋಟಾರುಗಾಡಿಯಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ಗಂಡನಿಗೆ ಮುಂಚಿತವಾಗಿ ತಿಳಿಸಿರಲಿಲ್ಲ. ದಾರಿ ಸುಮಾರು 100 ಕಿಲೋಮೀಟರು. ಆ ಗಾಡಿಯ ನೀರು ಕುದಿದು ಆವಿಯಾಗಿಯೇ ಹೋಗುತ್ತಿದ್ದುದರಿಂದ, ದಾರಿಯುದ್ದಕ್ಕೂ ಸಿಕ್ಕಸಿಕ್ಕಲ್ಲಿ ನಿಲ್ಲಿಸಿ ನೀರು ತುಂಬಿಸಬೇಕಾಯಿತು. ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ನೀರನ್ನು ಗಾಳಿಯಿಂದ ಚೆನ್ನಾಗಿ ತಣಿಸಿ ಮತ್ತೆ ಮತ್ತೆ ಬಳಸುವ ಜೇನುಗೂಡಿನಂತಹ ರೇಡಿಯೇಟರನ್ನು ವಿಲ್ಹೆಲ್ಮ್ ಮೈಬಾಕ್ ಎಂಬ ಎಂಜಿನಿಯರು ಮರ್ಸಿಡಿಸ್ ಕಾರಿಗೆ ಜೋಡಿಸಿದ್ದು 1900ರ ಸುಮಾರಿಗೆ. ಬೆರ್ತಾ ಹೆಜ್ಜೆಹೆಜ್ಜೆಗೂ ಮಾಡಿದ ಕೆಲಸವನ್ನು ಇಂದಿನ ಗೃಹಸ್ಥ ವಾರಕ್ಕೊಮ್ಮೆ ಮಾಡಿದರೆ ಸಾಕು.

ಆ ಕೆಲಸವಾದರೂ ಎಷ್ಟರದು? ಬೆಳಗ್ಗೆ ಎಂಜಿನ್ನು ತಣ್ಣಗಿರುವಾಗ ಬಾನೆಟ್ಟನ್ನೆತ್ತಿ, ಕೂಲೆಂಟಿನ ಡಬ್ಬಿಯಲ್ಲಿ ದ್ರವ ಎರಡು ಗೆರೆಗಳ ನಡುವೆ ಇದೆಯೇ ಎಂದು ನೋಡುವುದು. ಕೊಳವೆಗಳನ್ನು ಬೆರಳಿನಿಂದ ಒತ್ತಿ ನೋಡುವುದು. ನೆಲದ ಮೇಲೆ ಬಣ್ಣದ ಹನಿ ಬಿದ್ದಿದೆಯೇ ಎಂದು ಬಗ್ಗಿ ಪರೀಕ್ಷಿಸುವುದು. ಚಹಾ ಆರುವಷ್ಟರಲ್ಲಿ ಮುಗಿಯುತ್ತದೆ. ದಾರಿಯಲ್ಲಿ ಮುಳ್ಳು ಏರುವುದು ಕಂಡರೆ ತಂಪುಯಂತ್ರವನ್ನು ಆರಿಸಿ, ಸೆಕೆಯಲ್ಲಿ ಹುಚ್ಚೆಂದು ತೋರಿದರೂ ಬಿಸಿಗಾಳಿಯ ಗುಂಡಿಯನ್ನು ತಿರುಗಿಸಬೇಕು. ಎಂಜಿನ್ನಿನ ಕಾವಿನ ಒಂದು ಪಾಲು ಆ ದಾರಿಯಿಂದಲೂ ಹೊರಬೀಳುತ್ತದೆ. ಅಷ್ಟಕ್ಕೂ ಮುಳ್ಳು ಇಳಿಯದಿದ್ದರೆ, ಅಥವಾ ಹಬೆಯೇ ಕಂಡರೆ, ಅಂಚಿಗೆ ನಿಲ್ಲಿಸಿ ಎಂಜಿನ್ನನ್ನು ಆರಿಸಿ ಕಾಯಬೇಕು.

ಕಾಯುವುದೇ ಎಲ್ಲಕ್ಕಿಂತ ಕಷ್ಟ. ಕಾರನ್ನು ಕೊಳ್ಳುವುದೇ ಬೇಗ ತಲುಪಲೆಂದು; ಅಂತಹವನಿಗೆ ಮರದ ಕೆಳಗೆ ಮುಕ್ಕಾಲು ಗಂಟೆ ಕುಳಿತಿರು ಎಂದರೆ ಅದು ಶಿಕ್ಷೆಯಂತೆ ತೋರುತ್ತದೆ. ಆದರೆ ದಾರಿಯಲ್ಲಿ ಕುದಿಯುವ ಎಂಜಿನ್ನು ಕುದಿಯಲು ಆರಂಭಿಸಿದ್ದು ದಾರಿಯಲ್ಲಲ್ಲ. ಮೂರು ತಿಂಗಳ ಹಿಂದೆ, ಮನೆಯ ಅಂಗಳದಲ್ಲಿ, ಮುಸುಕಿನ ಕೆಳಗೆ. ಅಲ್ಲಿ ಐದು ನಿಮಿಷ ಕೊಡದವರಿಂದ ದಾರಿ ಒಂದು ಗಂಟೆಯನ್ನು ವಸೂಲು ಮಾಡುತ್ತದೆ. ಸಾಲ ತೀರಿಸುವಾಗಲಾದರೂ ತಾಳ್ಮೆಯಿಂದ ತೀರಿಸಿದವನ ಕಣ್ಣೂ ಉಳಿಯುತ್ತದೆ, ಕಾರೂ ಉಳಿಯುತ್ತದೆ.