ಬರುತ್ತೆ, ಹೋಗ್ತಿಲ್ಲ

ಕೊಡಗಿನ ಹುದಿಕೇರಿಯಲ್ಲಿ ಏನೇ ಕೆಟ್ಟರೂ ಅದನ್ನು ಮಳೆಯ ತಲೆಗೆ ಕಟ್ಟುವುದು ವಾಡಿಕೆ. ಜೂನ್ ಕಾಲಿಟ್ಟರೆ ಸಾಕು, ಸಿಲ್ವರ್ ಓಕ್ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ, ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ, ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಇಂಥ ಊರಿನಲ್ಲಿ ತೋಟದ ಆಫೀಸಿನಿಂದ ಮೇಲ್ ಹೋಗದಿದ್ದರೆ ಅಲ್ಲಿನ ಲೆಕ್ಕ ಬರೆಯುವ ರೈಟರು ಕಿಟಕಿಯಾಚೆ ನೋಡಿ, “ಈ ಮಳೇಲಿ ಎಲ್ಲಿ ಹೋಗುತ್ತೆ ಬಿಡಿ ಮೇಷ್ಟ್ರೇ” ಎನ್ನುವುದು ಸಹಜ. ಆದರೆ ಮೇಷ್ಟರ ಕೆಲಸದಿಂದ ನಿವೃತ್ತನಾದಂದಿನಿಂದ ಸುತ್ತಮುತ್ತಲ ತೋಟಗಳ ಕಂಪ್ಯೂಟರಿನ ಬಿಟ್ಟಿ ಚಾಕರಿ ನನ್ನ ಪಾಲಿಗೆ ಬಂದಿದೆ. ಆ ಅಧಿಕಾರದಿಂದ ಹೇಳುತ್ತೇನೆ: ಈ ಒಂದು ವಿಷಯದಲ್ಲಿ ಮಳೆ ಬಹುಮಟ್ಟಿಗೆ ನಿರಪರಾಧಿ.

“ಮೇಲ್ ಬರ್ತಿದೆಯಾ?” ಎಂದು ಮೊದಲು ಕೇಳುತ್ತೇನೆ.

“ಬರೋದೆಲ್ಲ ಬರ್ತಿದೆ. ಬೆಳಿಗ್ಗೆ ಕಾಫಿ ರೇಟೂ ಬಂತು. ಹೋಗೋದು ಮಾತ್ರ ಹೋಗ್ತಿಲ್ಲ.”

ಅಲ್ಲಿಗೆ ಮಳೆಯ ಕೇಸು ಖುಲಾಸೆ. ಲೈನಿದೆ ಎಂದಾಯಿತು. ಔಟ್‌ಲುಕ್ಕಾಗಲಿ ಥಂಡರ್‌ಬರ್ಡಾಗಲಿ, ಮೇಲ್ ತರುವ ದಾರಿ ಒಂದು, ಕಳುಹಿಸುವ ದಾರಿ ಇನ್ನೊಂದು. ತರಲು ಪಿಒಪಿ ಅಥವಾ ಐಮ್ಯಾಪ್, ಕಳುಹಿಸಲು ಎಸ್‌ಎಂಟಿಪಿ. ಸರ್ವರ್ ಹೆಸರು, ಪೋರ್ಟ್ ಎಲ್ಲ ಬೇರೆ ಬೇರೆ. ಪಾಸ್‌ವರ್ಡನ್ನೂ ಥಂಡರ್‌ಬರ್ಡ್ ಎರಡು ಕಡೆ ಎರಡಾಗಿ ಬರೆದಿಟ್ಟುಕೊಳ್ಳುತ್ತದೆ. ರೈಟರು ಪಾಸ್‌ವರ್ಡ್ ಬದಲಿಸಿ ಒಂದು ಕಡೆ ಹೊಸದನ್ನು ಹಾಕಿ ಸುಮ್ಮನಾಗಿರುತ್ತಾರೆ. ಇನ್ನೊಂದು ಕಡೆ ಹಳೆಯದು ಹಾಗೇ ಇರುತ್ತದೆ.

ಕಳುಹಿಸುವವನ ಮೇಲೆ ಹೀಗೆ ಪಾಸ್‌ವರ್ಡ್ ಕೇಳುವಷ್ಟು ಅನುಮಾನ ಮೊದಲಿನಿಂದ ಇದ್ದದ್ದಲ್ಲ. 1982ರಲ್ಲಿ ಜಾನ್ ಪೋಸ್ಟೆಲ್ ಎಸ್‌ಎಂಟಿಪಿಯ ನಿಯಮಗಳನ್ನು ಬರೆದಾಗ ನೀನು ಯಾರು, ಪಾಸ್‌ವರ್ಡ್ ಏನು ಎಂದು ಕೇಳುವ ಪದ್ಧತಿಯೇ ಅದರಲ್ಲಿರಲಿಲ್ಲ. ಯಾರು ಕೊಟ್ಟರೂ ಸರ್ವರ್ ತೆಗೆದುಕೊಂಡು ಮುಂದಕ್ಕೆ ದಾಟಿಸುತ್ತಿತ್ತು. ಆ ಭೋಳೇತನವನ್ನು ಸ್ಪ್ಯಾಮ್ ಕಳುಹಿಸುವವರು ಸೂರೆ ಮಾಡಿದರು. 1998ರಲ್ಲಿ ಬಳಕೆದಾರರ ಮೇಲಿಗೆಂದೇ 587ನೇ ಪೋರ್ಟ್ ಬಂತು, ಮರುವರ್ಷ ಗುರುತು ಕೇಳುವ ಕ್ರಮ ಬಂತು. ಹಳೆಯ 25ನೇ ಪೋರ್ಟನ್ನು ಎಷ್ಟೋ ಇಂಟರ್ನೆಟ್ ಕಂಪನಿಗಳು ಮನೆ ಬಳಕೆಯ ಗಿರಾಕಿಗಳಿಗೆ ಮುಚ್ಚಿಬಿಟ್ಟವು. ನಮ್ಮ ತೋಟಗಳ ಸೆಟ್ಟಿಂಗಿನಲ್ಲಿ ಈಗಲೂ 25 ಕಂಡರೆ ಅದು ಟೆಲಿಫೋನ್ ತಂತಿಯ ಕಾಲದ ಉಳಿಕೆ ಎಂದು ತಿಳಿಯಬೇಕು. ಫೈಬರ್ ಎಳೆಸಿದ ಮರುದಿನವೇ ಮೇಲ್ ನಿಂತಿದ್ದರೆ ನಾನು ಮೊದಲು ಆ ಅಂಕಿಯನ್ನೇ ನೋಡುವುದು. 2022ರ ಮೇ 30ರಿಂದ ಗೂಗಲ್ಲೂ ಬರೀ ಹೆಸರು, ಪಾಸ್‌ವರ್ಡ್ ಕೊಟ್ಟರೆ ಹಳೆಯ ಪ್ರೋಗ್ರಾಮುಗಳನ್ನು ಒಳಗೆ ಬಿಡುವುದನ್ನು ನಿಲ್ಲಿಸಿತು. ಈಗ ಅದಕ್ಕೆ 16 ಅಕ್ಷರದ ಬೇರೆಯೇ ಆ್ಯಪ್ ಪಾಸ್‌ವರ್ಡ್ ಬೇಕು. ಬಿಗಿ ಮಾಡಿದ್ದು ಒಳ್ಳೆಯದೇ. ಅದನ್ನು ರೈಟರಿಗೆ ಒಪ್ಪಿಸುವುದು ಕಷ್ಟ.

ಆನೆ ಬಂದು ರೊಬಸ್ಟಾ ಗಿಡ ತುಳಿದ ವಾರದ ಕಥೆಯೇ ಬೇರೆ. ಹಾನಿಯ ಫೋಟೋಗಳನ್ನೆಲ್ಲ ಒಂದೇ ಮೇಲಿಗೆ ತುರುಕಿರುತ್ತಾರೆ. ಜಿಮೇಲಿನ ಮಿತಿ 25 ಎಂಬಿ, ಫೋಟೋಗಳು 21 ಎಂಬಿ, ಮತ್ತೇಕೆ ಹೋಗಲಿಲ್ಲ ಎಂಬ ವಾದ. ಚಿತ್ರವನ್ನು ಮೇಲಿಗೆ ಹೊಂದುವ ಅಕ್ಷರಗಳಾಗಿ ಬದಲಿಸುವಾಗ ಗಾತ್ರ ಮೂರನೇ ಒಂದು ಪಾಲಿನಷ್ಟು ಉಬ್ಬುತ್ತದೆ, 21 ಎಂಬುದು 28 ಆಗುತ್ತದೆ. ತೋಟದ ರಸ್ತೆಯಲ್ಲಿ ಲಾರಿ ಹೂತುಕೊಂಡರೆ ಹಿಂದಿನ ಜೀಪುಗಳೆಲ್ಲ ನಿಲ್ಲುವ ಹಾಗೆ, ಆ ಒಂದು ಮೇಲಿನ ಹಿಂದೆ ಮಸ್ಟರ್ ರೋಲೂ ಬಿಲ್ಲುಗಳೂ ಔಟ್‌ಬಾಕ್ಸಿನಲ್ಲಿ ಸಾಲುಗಟ್ಟಿರುತ್ತವೆ. ಅಳಿಸಲು ಹೋದರೆ, ಕಳುಹಿಸುತ್ತಿದ್ದೇನೆ, ಮುಟ್ಟಬೇಡ ಎನ್ನುತ್ತದೆ ಔಟ್‌ಲುಕ್. ಮೊದಲು ಅದನ್ನು ಆಫ್‌ಲೈನ್ ಮಾಡಿ, ಆ ಮೇಲನ್ನು ಡ್ರಾಫ್ಟಿಗೆ ಎಳೆದು ಹಾಕಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಮಳೆಯ ಕೈವಾಡವಿದ್ದ ಒಂದು ಪ್ರಸಂಗವನ್ನೂ ಹೇಳುವುದು ನ್ಯಾಯ. ಕಕ್ಕಡ ಮಾಸದ ಮಳೆಯ ನಡುವೆ ಒಂದು ತೋಟದಲ್ಲಿ ಮೇಲ್ ಬರುತ್ತಿತ್ತು, ಹೋಗುತ್ತಿರಲಿಲ್ಲ. ಪೋರ್ಟು, ಪಾಸ್‌ವರ್ಡು ಎಲ್ಲವೂ ಸರಿ. ಸರ್ವರಿನ ಗುರುತಿನ ಪ್ರಮಾಣಪತ್ರ ಸರಿಯಿಲ್ಲ ಎಂಬ ತಕರಾರು ಮಾತ್ರ ಬರುತ್ತಿತ್ತು. ಪರದೆಯ ಬಲ ಮೂಲೆಯತ್ತ ಕಣ್ಣು ಹೋಯಿತು: 2009, ಜನವರಿ 1. ಸಿಡಿಲಿನ ಭಯಕ್ಕೆ ಪ್ಲಗ್ ಕಿತ್ತಿಟ್ಟು, ಆಮೇಲೆ ಕರೆಂಟೂ ಇಲ್ಲದೆ, ಮದರ್‌ಬೋರ್ಡಿನ ಹಳೆಯ ಬಿಲ್ಲೆ ಸೆಲ್ಲು ಗಡಿಯಾರವನ್ನು ಒಂಟಿಯಾಗಿ ಓಡಿಸಿ ಓಡಿಸಿ ಸತ್ತಿತ್ತು. 2009ರಲ್ಲಿ ಕುಳಿತ ಕಂಪ್ಯೂಟರಿಗೆ ಸರ್ವರಿನ ಪ್ರಮಾಣಪತ್ರ ಇನ್ನೂ ಹುಟ್ಟೇ ಇರಲಿಲ್ಲ. ಆ ಖಾತೆಯಲ್ಲಿ ಮೇಲ್ ತರುವುದು ಹಳೆಯ 110ನೇ ಪೋರ್ಟಿನಿಂದ, ಅಲ್ಲಿ ಪ್ರಮಾಣಪತ್ರದ ಗೊಡವೆಯಿಲ್ಲ. ಕಳುಹಿಸುವುದು 465ರಿಂದ, ಅಲ್ಲಿ ಅದಿಲ್ಲದೆ ಬಾಗಿಲು ತೆರೆಯದು. ಗೋಣಿಕೊಪ್ಪಲಿನಿಂದ ಒಂದು ಸಿಆರ್2032 ಸೆಲ್ ತರಿಸಿ ಹಾಕಿ ತಾರೀಖು ತಿದ್ದಿದೆ. ಔಟ್‌ಬಾಕ್ಸಿನಲ್ಲಿ ನಿಂತಿದ್ದ ಹನ್ನೊಂದು ಮೇಲೂ ಒಂದರ ಹಿಂದೊಂದು ಹೊರಟವು. ರೈಟರು, “ನಾನು ಹೇಳಲಿಲ್ವಾ, ಮಳೆ ಅಂತ” ಎಂದರು.

ಒಂದೇ ಕೋರಿಕೆ. ಮೇಲ್ ಹೋಗದಾಗ ಪರದೆಯ ಮೇಲೆ ಬರುವ ಚೌಕವನ್ನು “ಏನೋ ಇಂಗ್ಲಿಷಲ್ಲಿ ಬಂತು” ಎಂದು ಓಕೆ ಒತ್ತಿ ಅಟ್ಟಬೇಡಿ. 535 ಎಂದಿದ್ದರೆ ಪಾಸ್‌ವರ್ಡಿನ ತಂಟೆ, 552 ಎಂದಿದ್ದರೆ ಗಾತ್ರದ್ದು, 550ರ ಜೊತೆ ರಿಲೇ ಎಂಬ ಮಾತಿದ್ದರೆ ಸರ್ವರ್ ನಿಮ್ಮ ಗುರುತು ಕೇಳುತ್ತಿದೆ ಎಂದರ್ಥ. ಆ ಮೂರಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಆಮೇಲೆ ನನಗೆ ಫೋನ್ ಮಾಡಿ. ಜಿಗಣೆ ಕಚ್ಚಿಸಿಕೊಂಡು ನಿಮ್ಮ ತೋಟದವರೆಗೆ ಬರುವುದು ನನಗೂ ತಪ್ಪುತ್ತದೆ.