ನಾನು ಕೊಂಡ ಹಳೆಯ ಬೈಕು

ಕಳೆದ ವರ್ಷ ಮಳೆ ಬಿಟ್ಟ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಜಗಲಿಯಲ್ಲಿ ಕುಳಿತು ಒಂದಿಷ್ಟು ಆ ಮಾತು ಈ ಮಾತು ಆಡಿ, "ಮಾಷ್ಟ್ರೇ, ಪುತ್ತೂರಿನಲ್ಲಿ ಒಂದು ಬೈಕು ನೋಡಿಟ್ಟಿದ್ದೇನೆ. ನೀವೊಮ್ಮೆ ಬಂದು ನೋಡಬೇಕು" ಎಂದ. ನಾನು ಶಾಲೆಯಲ್ಲಿ ಕಲಿಸಿದ್ದು ಚರಿತ್ರೆ. ಎಂಜಿನಿನ ವಿಷಯದಲ್ಲಿ ನನ್ನ ಪಾಂಡಿತ್ಯ ಅಷ್ಟಕ್ಕಷ್ಟೇ. ಆದರೂ ಅವನು ನನ್ನನ್ನೇ ಹುಡುಕಿಕೊಂಡು ಬರಲು ಕಾರಣವಿತ್ತು. ನಾನು ಬೈಕು ಕೊಂಡು ಬಿದ್ದ ಕಥೆ ಊರಿಗೆಲ್ಲ ಗೊತ್ತು.

ಅದು 1997ನೆಯ ಇಸವಿ. ಪೆರ್ಲದ ಸಮೀಪದ ನಮ್ಮ ಮನೆಯಿಂದ ಶಾಲೆಗೆ ಹೋಗಲು ಇದ್ದುದು ಒಂದೇ ಬಸ್ಸು. ಅದು ತಪ್ಪಿದರೆ ಮೊದಲ ಪಿರಿಯಡ್ಡೂ ತಪ್ಪಿದಂತೆಯೇ. ಪಿ.ಎಫ್. ಸಾಲ ತೆಗೆದು, ಸಾಲದ್ದಕ್ಕೆ ಹೆಂಡತಿಯ ಸರವನ್ನು ಬೇಂಕಿನಲ್ಲಿಟ್ಟು, ಹದಿನೆಂಟು ಸಾವಿರ ರೂಪಾಯಿಗೆ ನೂರು ಸಿ.ಸಿ.ಯ ಹಳೆಯ ಬೈಕೊಂದನ್ನು ಕೊಂಡೆ. ನಾನು ಪರೀಕ್ಷಿಸಿದ್ದಾದರೂ ಏನನ್ನು? ಬಣ್ಣ ಹೊಳೆಯುತ್ತಿತ್ತು. ಸೀಟಿಗೆ ಹೊಸ ಹೊದಿಕೆ ಇತ್ತು. ಮಾರುವಾತ ಒಂದೇ ಕಿಕ್ಕಿಗೆ ಸ್ಟಾರ್ಟು ಮಾಡಿ ತೋರಿಸಿದ. ನಾನು ಹೋಗುವ ಮುಂಚೆಯೇ ಅವನು ಎಂಜಿನನ್ನು ಬಿಸಿ ಮಾಡಿಟ್ಟಿದ್ದನೆಂದು ತಿಳಿದದ್ದು ಆಮೇಲೆ.

ಆ ಜುಲೈ ತಿಂಗಳಲ್ಲಿ ಬದಿಯಡ್ಕದಿಂದ ನಾವಿಬ್ಬರೂ ಬರುತ್ತಿದ್ದೆವು. ಇಳಿಜಾರಿನ ತಿರುವಿನಲ್ಲಿ ಬ್ರೇಕು ಒತ್ತಿದೊಡನೆ ಬೈಕು ಎಡಕ್ಕೆ ಎಳೆಯಿತು. ನಾನು ಚರಂಡಿಗೆ ಬಿದ್ದೆ. ಹೆಂಡತಿ ಜಲ್ಲಿಯ ಮೇಲೆ ಬಿದ್ದಳು. ನನಗೆ ತರಚು ಗಾಯ. ಅವಳ ಬಲಗೈ ಮುರಿಯಿತು. ಆರು ವಾರ ಪ್ಲಾಸ್ಟರ್ ಹಾಕಿಕೊಂಡಿದ್ದಳು. ಅಷ್ಟು ದಿನ ಅಡುಗೆಮನೆಯಲ್ಲಿ ನಾನು ಮಾಡಿದ ಸಾಹಸಗಳನ್ನು ಇಲ್ಲಿ ಬರೆಯುವುದು ಬೇಡ. ಇಂದಿಗೂ ಆಟಿಯ ಮಳೆ ಹಿಡಿದರೆ ಆ ಕೈ ನೋಯುತ್ತದೆ. ಅವಳು ಬಾಯಿಬಿಟ್ಟು ಹೇಳುವುದಿಲ್ಲ. ಎಡಗೈಯಲ್ಲಿ ಕೊಡಪಾನ ಎತ್ತುವುದನ್ನು ಕಂಡು ನಾನೇ ತಿಳಿದುಕೊಳ್ಳುತ್ತೇನೆ.

ನಮ್ಮ ಪೇಟೆಯ ಗ್ಯಾರೇಜಿನವರನ್ನು ಎಲ್ಲರೂ ಕಾಕ ಎಂದೇ ಕರೆಯುತ್ತಿದ್ದರು. ಅವರ ಬಳಿ ಒಂದು ಎಜ್ಡಿ ಇತ್ತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಆ ಬೈಕಿನಲ್ಲಿ ಕಿಕ್ಕೂ ಗೇರೂ ಒಂದೇ ಸಲಾಕೆ. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಕಾಕನ ಎಜ್ಡಿ ಮಾತ್ರ ಓಡುತ್ತಲೇ ಇತ್ತು. ಅವರು ನನ್ನ ಬೈಕಿನ ಹ್ಯಾಂಡಲಿನ ಕೆಳಗಿನ ಬಣ್ಣವನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೋರಿಸಿದರು. ಒಳಗೆ ಬೆಸುಗೆಯ ಗಂಟು!

"ಇದು ಎಲ್ಲಿಗೋ ಹೋಗಿ ಬಡಿದ ಗಾಡಿ ಮಾಷ್ಟ್ರೇ. ಕುತ್ತಿಗೆಗೆ ಬೆಸುಗೆ ಹಾಕಿದ್ದಾರೆ. ಕೊಳ್ಳುವ ಮುಂಚೆ ನನ್ನನ್ನು ಯಾಕೆ ಕರೆಯಲಿಲ್ಲ?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಬೈಕು ಗುಜರಿಗೆ ಹೋಯಿತು. ಮತ್ತೊಬ್ಬರ ತಲೆಗೆ ಕಟ್ಟುವ ಮನಸ್ಸು ನನಗೆ ಬಂದಿರಲಿಲ್ಲವೆಂದರೆ ಸುಳ್ಳಾದೀತು, ಹೆಂಡತಿ ಬಿಡಲಿಲ್ಲ.

ಎರಡನೆಯ ಸಲ ಕಾಕನನ್ನೇ ಕರೆದುಕೊಂಡು ಹೋದೆ. ಅವರು ಬೈಕು ನೋಡುವ ಕ್ರಮವೇ ಬೇರೆ. ಮೊದಲು ಎಂಜಿನಿನ ಮೇಲೆ ಅಂಗೈ ಇಟ್ಟರು. ತಣ್ಣಗಿದ್ದರೆ ಮಾತ್ರ ಮುಂದಿನ ಮಾತು. ಹತ್ತು ಹೆಜ್ಜೆ ಹಿಂದೆ ಹೋಗಿ ಕುಕ್ಕುರುಗಾಲಿನಲ್ಲಿ ಕುಳಿತು, ಎರಡು ಚಕ್ರಗಳೂ ಒಂದೇ ಗೆರೆಯಲ್ಲಿ ಇವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಚಕ್ರ ನೆಲ ಬಿಟ್ಟು ನಿಲ್ಲುವಂತೆ ಹಿಂದಿನಿಂದ ಒತ್ತಿ ಹಿಡಿಯಲು ನನಗೆ ಹೇಳಿದರು. ತಾವು ಎರಡೇ ಬೆರಳಿನಲ್ಲಿ ಹ್ಯಾಂಡಲನ್ನು ಮೆಲ್ಲನೆ ಆಚೀಚೆ ತಿರುಗಿಸಿದರು. ನಡುವಿನಲ್ಲಿ ಒಂದು ಕಡೆ ಕಚ್ಚಿಕೊಂಡಂತಾದರೆ ಒಳಗಿನ ಬೇರಿಂಗು ಸವೆದಿದೆಯೆಂದು ಅರ್ಥ. ಆಮೇಲೆ ಮುಂದಿನ ಎರಡು ಕೊಳವೆಗಳ ಬುಡ ಹಿಡಿದು ಹಿಂದೆ ಮುಂದೆ ಅಲುಗಾಡಿಸಿದರು. ಕಟಕಟ ಸದ್ದು ಕೇಳಬಾರದು. ಆ ಕೊಳವೆಗಳ ಮೇಲೆ ಎಣ್ಣೆ ಒಸರಿರಬಾರದು, ತುಕ್ಕಿನ ಚುಕ್ಕಿಯೂ ಇರಬಾರದು. ಚುಕ್ಕಿ ಇದ್ದರೆ ಹೊಸ ಸೀಲು ಹಾಕಿದರೂ ಹರಿಯುತ್ತದೆ.

ನಮ್ಮ ಕಡೆ ಈ ತುಕ್ಕಿನದೇ ದೊಡ್ಡ ಕಾಟ. ಪಶ್ಚಿಮದಲ್ಲಿ ಕಡಲು, ಮೇಲಿನಿಂದ ನಾಲ್ಕು ತಿಂಗಳ ಮಳೆ. ಮೇಲೆ ಬಣ್ಣ ಬಳಿದ ಬೈಕಿನ ಮಡ್‌ಗಾರ್ಡಿನ ಒಳಮೈಯನ್ನೂ ಸೈಲೆನ್ಸರಿನ ಕೆಳಭಾಗವನ್ನೂ ಕೈಯಿಂದ ತಡವಿ ನೋಡಬೇಕು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚು ಹಾಕಿ ನೋಡಬೇಕು. (ಟಾರ್ಚು ಮರೆತು ಬೆಂಕಿಪೆಟ್ಟಿಗೆಗೆ ಕೈ ಹಾಕಿದವನನ್ನು ಕಾಕ ಕಂಡಿದ್ದರಂತೆ.)

ಚೈನನ್ನು ಹಿಂದಿನ ಹಲ್ಲುಚಕ್ರದಿಂದ ಹಿಂದಕ್ಕೆ ಎಳೆದಾಗ ಅರ್ಧ ಹಲ್ಲು ಕಂಡರೆ ಚೈನು ಮುಗಿಯಿತು. ಹಲ್ಲುಗಳು ಕತ್ತಿಯಂತೆ ಒಂದೇ ಕಡೆಗೆ ಬಾಗಿದ್ದರೆ ಪೂರ್ತಿ ಜೋಡಿಯನ್ನೇ ಬದಲಿಸಬೇಕು. ಕ್ಲಚ್ಚು ಮತ್ತು ಬ್ರೇಕಿನ ಹಿಡಿಗಳ ತುದಿ, ಕಾಲಿಡುವ ಸಲಾಕೆಯ ತುದಿ ಉಜ್ಜಿಹೋಗಿದ್ದರೆ ಗಾಡಿ ಬಿದ್ದೆದ್ದಿದೆ. ಮೀಟರು ಇಪ್ಪತ್ತು ಸಾವಿರ ಕಿಲೋಮೀಟರು ಎನ್ನುತ್ತಿದ್ದು, ಪೆಡಲಿನ ರಬ್ಬರು ಮಾತ್ರ ನುಣ್ಣಗಾಗಿದ್ದರೆ ಕಾಕ ರಬ್ಬರನ್ನೇ ನಂಬುತ್ತಿದ್ದರು. ಕೊನೆಗೆ ಹೊಗೆ. ನಾಲ್ಕು ಸ್ಟ್ರೋಕಿನ ಎಂಜಿನು ನೀಲಿ ಹೊಗೆ ಬಿಟ್ಟರೆ ಎಣ್ಣೆ ಉರಿಯುತ್ತಿದೆ. ಕಪ್ಪಾದರೆ ಪೆಟ್ರೋಲು ಹೆಚ್ಚು ಕುಡಿಯುತ್ತಿದೆ. ಅವರ ಎಜ್ಡಿಯಂಥ ಎರಡು ಸ್ಟ್ರೋಕಿನದಕ್ಕೆ ಈ ನಿಯಮವಿಲ್ಲ. ಅದಕ್ಕೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುವುದರಿಂದ ಅಷ್ಟಿಷ್ಟು ಹೊಗೆ ಸಹಜವೇ.

ಕಾಕ ಈಗಿಲ್ಲ. ಅವರು ಕಲಿಸಿದ್ದನ್ನೇ ಜ್ಞಾಪಿಸಿಕೊಂಡು ನಾನು ಆ ಹುಡುಗನ ಜೊತೆ ಪುತ್ತೂರಿಗೆ ಹೋದೆ. ಅವನಿಗೆ ಕುಂಬಳೆಯಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಆರಕ್ಕೆ ಅಲ್ಲಿರಬೇಕು. ಆ ಹೊತ್ತಿಗೆ ಬಸ್ಸಿಲ್ಲ. ಕಿಸೆಯಲ್ಲಿದ್ದುದು ತಾಯಿ ಬೀಡಿ ಕಟ್ಟಿ ಕೂಡಿಟ್ಟ ಹಣ.

ಬೈಕು ಒಳ್ಳೆಯದೇ ಇತ್ತು. ಎಂಜಿನು ತಣ್ಣಗಿತ್ತು, ಹ್ಯಾಂಡಲು ಸರಾಗವಾಗಿ ತಿರುಗಿತು, ಎಲ್ಲಿಯೂ ಬೆಸುಗೆ ಇರಲಿಲ್ಲ. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದಾಗ ಬಂದ ಅಚ್ಚು ಆರ್.ಸಿ.ಗೆ ತಾಳೆಯಾಯಿತು. ಹುಡುಗನ ಮುಖ ಅರಳಿತು. ಆದರೆ ಆ ಆರ್.ಸಿ.ಯಲ್ಲೇ ಸಾಲ ಕೊಟ್ಟ ಸಂಸ್ಥೆಯ ಹೆಸರು ಇನ್ನೂ ಇತ್ತು.

"ಸಾಲ ತೀರಿದೆ, ಕಾಗದ ಆಮೇಲೆ ಕೊಡುತ್ತೇನೆ" ಎಂದ ಮಾರುವಾತ.

ಅವನು ಹೇಳಿದ್ದು ನಿಜವೇ ಇರಬಹುದು. ಆದರೆ ಸಾಲ ಕೊಟ್ಟವರು 35ನೆಯ ನಮೂನೆಗೆ ಸಹಿ ಹಾಕದೆ ಆ ಹೆಸರು ಅಳಿಯುವುದಿಲ್ಲ. ಗಡಿಯಲ್ಲಿರುವ ನಮಗೆ ಇನ್ನೂ ಒಂದು ಕಷ್ಟವಿದೆ. ಕರ್ನಾಟಕದ ಗಾಡಿಯನ್ನು ಕೇರಳದಲ್ಲಿ ಇಟ್ಟುಕೊಳ್ಳಬೇಕಾದರೆ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟರೆ ಇಲ್ಲಿನ ನಂಬರನ್ನೇ ಪಡೆಯಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಈ ಖರ್ಚನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೆಸರು ಬದಲಾಗದ ಗಾಡಿ ಮಾರಿದವನಿಗೂ ಗಂಡಾಂತರವೇ. ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಅದನ್ನು ಮಾರುವಾತನಿಗೂ ತಿಳಿಸಿದೆ. ಅವನಿಗೆ ಹಿಡಿಸಲಿಲ್ಲ.

"ಕಾಗದ ತಂದ ದಿನ ಹಣ" ಎಂದು ಹೇಳಿ ಎದ್ದೆವು.

ಹಿಂದಿರುಗುವಾಗ ಹುಡುಗ ಬಸ್ಸಿನಲ್ಲಿ ಮಾತಾಡಲಿಲ್ಲ. ಒಂದು ಕೈ ಕಿಸೆಯ ಮೇಲೆಯೇ ಇತ್ತು. ನಾನು ಅವನ ಕೆಲಸಕ್ಕೆ ಕಲ್ಲು ಹಾಕಿದೆನೋ ಏನೋ ಎಂದು ನನಗೂ ಕಸಿವಿಸಿಯಾಯಿತು. ಬಸ್ಸು ಅಡ್ಕಸ್ಥಳ ದಾಟಿತು. ಅವನು ಕಿಟಕಿಯಿಂದ ಮುಖ ತಿರುಗಿಸಿದ.

"ಮಾಷ್ಟ್ರೇ, ಬದಿಯಡ್ಕದಲ್ಲಿ ಇನ್ನೊಂದು ಉಂಟಂತೆ. ಕೇರಳದ್ದೇ ನಂಬರು. ಆದಿತ್ಯವಾರ ನಿಮಗೆ ಪುರುಸೊತ್ತು ಉಂಟಾ?"