ವೀರನಿಗೆ ಸೂತಕವುಂಟೆ?

ಜಪಾನು ದೇಶದ ಸಾಮುರಾಯಿ ಯೋಧರ ಧರ್ಮವನ್ನು ಕುರಿತು ಇನಾಜೊ ನಿತೊಬೆ ಎಂಬ ವಿದ್ವಾಂಸನು ಇಂಗ್ಲಿಷಿನಲ್ಲಿ ಬರೆದ ‘ಬುಷಿದೊ’ ಎಂಬ ಚಿಕ್ಕ ಪುಸ್ತಕವೊಂದುಂಟು. ಅದು ಹೊರಬಿದ್ದು ನೂರಿಪ್ಪತ್ತು ವರ್ಷಗಳಿಗೂ ಮೇಲಾಯಿತು. ಶಾಲೆಯ ಕೆಲಸದಿಂದ ಬಿಡುಗಡೆ ಹೊಂದಿದ ಮೇಲೆ ದೊರೆತ ವಿರಾಮದಲ್ಲಿ ನಾನು ಅದನ್ನು ಸಾವಕಾಶವಾಗಿ ಓದಿದೆನು. ಅರಸನಲ್ಲಿ ನಿಷ್ಠೆ, ಪಿತೃಗಳಲ್ಲಿ ಭಕ್ತಿ, ಇವೆರಡನ್ನೂ ಯೋಧನು ತನ್ನ ನಾಡಿನ ಪುರಾತನ ಮತವಾದ ಶಿಂತೊವಿನಿಂದ ಪಡೆದನೆಂದು ಗ್ರಂಥಕಾರನ ಮತ. ಆತನು ತಾನು ಕ್ರೈಸ್ತನಾಗಿದ್ದನೆಂಬುದನ್ನೂ, ಪುರಾತನವೆಂದು ಆತನು ವರ್ಣಿಸಿದ ಧರ್ಮಸಂಹಿತೆಯ ಬಹುಭಾಗವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಪ್ಪಗೊಂಡುದೆಂದು ಈಚಿನ ಪಂಡಿತರು ತೋರಿಸಿರುವರೆಂಬುದನ್ನೂ ವಾಚಕರು ನೆನಪಿನಲ್ಲಿಡಬೇಕು. ಹಾಗಿದ್ದರೂ ಪುಸ್ತಕವು ನನ್ನಲ್ಲಿ ಒಂದು ಪ್ರಶ್ನೆಯನ್ನು ಎಬ್ಬಿಸಿತು.

ಶಿಂತೊ ಮತದಲ್ಲಿ ಮೃತ್ಯುವು ಮಹತ್ತಾದ ಅಶೌಚ. ಹೆಣದ ಸೋಂಕು ದೇವಸ್ಥಾನದ ಬಳಿಗೆ ಸುಳಿಯಲಾಗದು. ಆದುದರಿಂದಲೇ ಆ ನಾಡಿನಲ್ಲಿ ಅಂತ್ಯಕ್ರಿಯೆಗಳೆಲ್ಲ ಹೆಚ್ಚಾಗಿ ಬೌದ್ಧ ಭಿಕ್ಷುಗಳ ಪಾಲಿಗೆ ಬಂದವು. ಶವಸಂಸ್ಕಾರದಿಂದ ಮರಳಿದವರು ಹೊಸ್ತಿಲು ದಾಟುವ ಮುನ್ನ ಮೈಮೇಲೆ ಉಪ್ಪು ಚಿಮುಕಿಸಿಕೊಳ್ಳುವ ವಾಡಿಕೆ ಅಲ್ಲಿ ಇಂದಿಗೂ ಉಂಟು. ನಾನು ವಾಸಿಸುವ ಬೆಳಗಾವಿಯ ಸದಾಶಿವನಗರದಲ್ಲಿ ಒಂದು ಸ್ಮಶಾನಭೂಮಿಯಿದೆ. ಅಲ್ಲಿಂದ ಮರಳುವವರು ಸ್ನಾನಮಾಡದೆ ಮನೆಯೊಳಗೆ ಕಾಲಿಡರು. ಉಪ್ಪಿಗೂ ನೀರಿಗೂ ಭೇದವಷ್ಟೆ, ಭಾವನೆ ಒಂದೇ. ಸಾವಿಗೆ ಇಷ್ಟು ಹೇಸುವ ಮತವು, ಕೊಲ್ಲುವುದನ್ನೂ ಸಾಯುವುದನ್ನೂ ವೃತ್ತಿಯಾಗಿ ಮಾಡಿಕೊಂಡವನಿಗೆ ಹೇಗೆ ಒಗ್ಗಿತು? ಮಿನಮೊತೊ ವಂಶದ ಯೋಧರಿಗೆ ಹಾಚಿಮನ್ ಎಂಬ ದೇವತೆ ಕುಲದೈವವಾಯಿತು, ಅದೇ ಯುದ್ಧದೇವತೆಯೂ ಆಯಿತು. ಮುಂದೆ 1869ರಲ್ಲಿ ಯುದ್ಧದಲ್ಲಿ ಮಡಿದವರಿಗಾಗಿಯೇ ತೋಕಿಯೊ ನಗರದಲ್ಲಿ ಗುಡಿಯನ್ನು ಕಟ್ಟಿದರು. ಸತ್ತವನನ್ನು ದೇವರಾಗಿಸಿದರೆ ಸಾವಿನ ಮೈಲಿಗೆ ಕಳೆಯುವುದೆಂದು ಅಲ್ಲಿನ ಸಮಾಧಾನವಿರಬೇಕು.

ನಮ್ಮವರು ಕಂಡುಕೊಂಡ ಸಮಾಧಾನವೇನು? ಕನ್ನಡ ನಾಡಿನ ಯಾವ ಹಳೆಯ ಊರಿಗೆ ಹೋದರೂ ಗುಡಿಯ ಮುಂದೆಯೋ ಕೆರೆಯ ಏರಿಯ ಮೇಲೋ ಒಂದು ವೀರಗಲ್ಲು ಇದ್ದೇ ಇರುವುದು. ಬಹುಮಟ್ಟಿಗೆ ಅದರಲ್ಲಿ ಮೂರು ನೆಲೆಗಳು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೈಹಿಡಿದು ಮೇಲಕ್ಕೆ ಒಯ್ಯುವ ನೋಟ, ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುವನು. ತಲೆಯ ಮೇಲೆ ಸೂರ್ಯಚಂದ್ರರು. ಮಹಾಭಾರತದ ಶಾಂತಿಪರ್ವವು ಹೇಳುವುದೂ ಇದನ್ನೇ: ರಣದಲ್ಲಿ ಬಿದ್ದ ಶೂರನಿಗಾಗಿ ಶೋಕಿಸಬಾರದು, ಅವನನ್ನು ವರಿಸಲು ಅಪ್ಸರೆಯರು ಸಾವಿರಗಟ್ಟಲೆ ಓಡಿಬರುವರು. ಶಿಲ್ಪಿಯು ಆ ಗ್ರಂಥವನ್ನು ಓದಿದ್ದನೋ ಇಲ್ಲವೋ, ಅವನ ಉಳಿಗೆ ಅದರ ಅರ್ಥವು ಚೆನ್ನಾಗಿ ತಿಳಿದಿತ್ತು.

ಆದರೆ ಯೋಧನನ್ನು ರಣಕ್ಕೆ ಕಳುಹಿಸಿದುದು ಮೇಲಿನ ಎರಡು ನೆಲೆಗಳಲ್ಲವೆಂದು ನನ್ನ ಎಣಿಕೆ. ನಮ್ಮ ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಒಂದು ಮಾತಿದೆ. ಉಂಡ ಜೋಳದ ಋಣವನ್ನು ಪ್ರಾಣದಿಂದ ತೀರಿಸುವ ಧರ್ಮವೆಂದು ಅದರ ತಾತ್ಪರ್ಯ. ಇಷ್ಟು ಮನೆಯ ವಾಸನೆಯುಳ್ಳ ಶಬ್ದವು ವೀರಧರ್ಮಕ್ಕೆ ಬೇರೆ ಯಾವ ಭಾಷೆಯಲ್ಲಿ ದೊರಕೀತು? ಸಂಸ್ಕೃತದಲ್ಲಿ ‘ಭರ್ತೃಪಿಂಡ’ ಎನ್ನುವರು. ಅದು ಗೌರವದ ಮಾತು, ಆದರೆ ಅದರಲ್ಲಿ ರೊಟ್ಟಿಯ ಕಂಪಿಲ್ಲ. ಈ ಧರ್ಮಕ್ಕೆ ಶಾಸ್ತ್ರಪಾಠವೂ ಬೇಕಿರಲಿಲ್ಲವೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವೇ ಸಾಕ್ಷಿ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು, ಬೇಕಾದುದನ್ನು ಬೇಡೆಂದು ಗಂಗ ಬೂತುಗನು ಹೇಳಿದಾಗ, ಆತನ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಕಾದಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ಪೂಜಿಸದೆ ಉಣ್ಣುವ ಗೊರವನಿಗೆ ಪಾಪವೆಂದೂ ಬರೆಯಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಗೆ ಯಾವ ಅಪ್ಸರೆಯ ಆಸೆಯಿತ್ತು? ಉಂಡ ಮನೆಯನ್ನು ಅದು ಬಲ್ಲದು, ಅಷ್ಟೆ.

ಹೀಗೆ ಋಣವು ಮೊದಲು, ದೇವರು ಆಮೇಲೆ. ಆದರೆ ದೇವರು ಬಂದ ಮೇಲೆ ಋಣದ ಪ್ರಮಾಣವು ಬೆಳೆಯಿತೆಂಬುದನ್ನು ಮರೆಮಾಚಲಾಗದು. ಒಡೆಯನು ಸತ್ತರೆ ತಾನೂ ಸಾಯುವೆನೆಂಬ ‘ವೇಳೆವಾಳಿ’ಯ ವ್ರತವು ಹುಟ್ಟಿತು. ಹೊಯ್ಸಳರ ಕಾಲದಲ್ಲಿ ಇಂತಹವರು ವಿಷ್ಣುವಿಗೆ ಗರುಡನು ಹೇಗೋ ಅರಸನಿಗೆ ತಾವು ಹಾಗೆಂದು ತಿಳಿದು ಗರುಡರೆಂದು ಹೆಸರಾದರು. 1220ರಲ್ಲಿ ವೀರಬಲ್ಲಾಳನು ತೀರಿಕೊಂಡಾಗ ದಂಡನಾಯಕ ಕುವರಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆಯೂ ತನ್ನ ಪರಿವಾರದ ವೀರರೊಡನೆಯೂ ಪ್ರಾಣಬಿಟ್ಟ ಸಂಗತಿಯನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವು ಹೇಳುತ್ತದೆ. ತಮ್ಮ ಶಿರಸ್ಸನ್ನು ತಾವೇ ಅರಿದುಕೊಳ್ಳುವ ವೀರರ ರೂಪಗಳನ್ನು ಅದರಲ್ಲಿ ಕೊರೆದಿದ್ದಾರೆ. ಪ್ರವಾಸಿಗರು ಗೋಡೆಯ ಮೇಲಿನ ಆನೆಕುದುರೆಗಳ ಸಾಲನ್ನು ಮೆಚ್ಚಿ, ಕಂಬವನ್ನು ಕಾಣದೆ ಹೊರಟುಹೋಗುವುದುಂಟು. ಜಪಾನಿನಲ್ಲಿಯೂ ಈ ಪದ್ಧತಿ ಇತ್ತು. ಅಲ್ಲಿನ ತೊಕುಗವ ಪ್ರಭುತ್ವವು 1663ರಲ್ಲಿ ಅದನ್ನು ನಿಷೇಧಿಸಿತು. ಆದರೂ 1912ರಲ್ಲಿ ಮೇಜಿ ಚಕ್ರವರ್ತಿಯ ಶವಯಾತ್ರೆಯ ದಿನವೇ ಸೇನಾಪತಿ ನೊಗಿಯೂ ಆತನ ಪತ್ನಿಯೂ ಪ್ರಾಣತ್ಯಾಗ ಮಾಡಿದರು. ಇಂದು ಆತನಿಗೆ ಗುಡಿಯಿದೆ. ಏಳುನೂರು ವರ್ಷಗಳ ಅಂತರದಲ್ಲಿ, ಎರಡು ಸಮುದ್ರಗಳಾಚೆಯ ಎರಡು ಮನೆಗಳಲ್ಲಿ, ಗಂಡನ ವ್ರತಕ್ಕೆ ಹೆಂಡತಿಯೂ ಸಲ್ಲಬೇಕಾಯಿತು. ಆ ಸ್ತ್ರೀಯರ ಮನಸ್ಸಿನಲ್ಲಿದ್ದುದನ್ನು ಯಾವ ಶಾಸನ ಬರೆದೀತು!

ಇನ್ನು ನನ್ನ ಪ್ರಶ್ನೆಗೆ ಬರುವೆನು. ಕ್ಷತ್ರಿಯಧರ್ಮದಿಂದ ರಣದಲ್ಲಿ ಹತನಾದವನ ವಿಷಯದಲ್ಲಿ ಅಶೌಚವು ಆ ಕ್ಷಣವೇ ತೀರುವುದೆಂದು ಮನುವು ವಿಧಿಸಿರುವನು. ಶಾಂತಿಪರ್ವವೂ ಅವನಿಗೆ ಅನ್ನೋದಕಗಳೂ ಸ್ನಾನವೂ ಸೂತಕವೂ ಬೇಡವೆನ್ನುವುದು. ಶಿಂತೊ ಮತವು ಮೈಲಿಗೆಯನ್ನು ದಾಟಿ ದೇವರನ್ನು ಮಾಡಿತು. ನಮ್ಮ ಶಾಸ್ತ್ರವು ಮೈಲಿಗೆಯನ್ನೇ ಇಲ್ಲವೆಂದಿತು. ಯುಕ್ತಿ ದೊಡ್ಡದು. ಸೂತಕದ ಚಿಂತೆಯಿಲ್ಲದೆ ಸೈನ್ಯವು ಮುನ್ನಡೆಯಬಹುದು, ಅರಸನ ಕಾರ್ಯ ನಿಲ್ಲದು.

ಕೆಲವು ವರ್ಷಗಳ ಹಿಂದೆ ನನ್ನಲ್ಲಿ ಸಂಸ್ಕೃತ ಓದಿದ ಹುಡುಗನೊಬ್ಬನು ಸೈನ್ಯಕ್ಕೆ ಸೇರಿ ಗಡಿಯಲ್ಲಿ ಗುಂಡು ತಗುಲಿ ತೀರಿಕೊಂಡನು. ಊರು ಖಾನಾಪುರದ ಕಡೆ. ನಮ್ಮ ಈ ಭಾಗದಲ್ಲಿ ಸೈನ್ಯಕ್ಕೆ ಮಕ್ಕಳನ್ನು ಕೊಟ್ಟ ಮನೆಗಳು ಬಹಳ. ಮರಾಠಾ ಲಘು ಪದಾತಿ ದಳದ ಕೇಂದ್ರವು ಬೆಳಗಾವಿಯಲ್ಲಿಯೇ ಇರುವುದು. ಸಂಸ್ಕಾರವೆಲ್ಲ ಸರಕಾರದ ಮರ್ಯಾದೆಯಿಂದ ನಡೆಯಿತು. ಮರುದಿನ ಅವನ ಅಣ್ಣನು ನನ್ನನ್ನು ಕೇಳಿದನು: “ಗುರುಗಳೆ, ಯುದ್ಧದಲ್ಲಿ ಸತ್ತವರಿಗೆ ಸೂತಕವಿಲ್ಲವೆಂದು ಯಾರೋ ಹೇಳುತ್ತಾರೆ. ಶಾಸ್ತ್ರದಲ್ಲಿ ಹಾಗಿದೆಯೆ?” ಇದೆಯೆಂದು ಹೇಳಿದೆನು, ಇದ್ದುದನ್ನು ಇಲ್ಲವೆನ್ನುವಂತಿಲ್ಲ. ಒಳಗಿನಿಂದ ತಾಯಿಯು ಕೇಳಿಸಿಕೊಂಡಿದ್ದಳು. “ಸೂತಕವಿಲ್ಲದಿದ್ದರೆ ನಾನು ಅಳುವ ದಿವಸಗಳು ಯಾವವು?” ಎಂದಳು. ಹತ್ತು ದಿನವೂ ಒಲೆ ಹೊತ್ತಿಸಲಿಲ್ಲ. ನೆರೆಯವರು ಅನ್ನ ತಂದಿಟ್ಟರು. ಹನ್ನೊಂದನೆಯ ದಿನ ಶುದ್ಧಿ ಮಾಡಿದರು. ನಾನು ಅಲ್ಲಿಯೇ ಕುಳಿತು ಸಂಕಲ್ಪವನ್ನು ಕೇಳಿದೆನು, ಮನುವಿನ ಮಾತನ್ನು ಮತ್ತೆ ಎತ್ತಲಿಲ್ಲ.

ಆ ಊರಿಗೆ ಹೋಗಿ ಬರುವ ದಾರಿಯಲ್ಲಿ ನಂದಗಡ ಸಿಗುವುದು. ಕಿತ್ತೂರಿನ ಅನ್ನದ ಋಣವನ್ನು ತೀರಿಸಿದ ಸಂಗೊಳ್ಳಿ ರಾಯಣ್ಣನನ್ನು ಇಂಗ್ಲಿಷರು 1831ನೆಯ ಜನವರಿ 26ರಂದು ಗಲ್ಲಿಗೇರಿಸಿದುದು ಇಲ್ಲಿಯೇ. ರಾಣಿ ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಮೇಲೂ ಆತನು ಹೋರಾಟವನ್ನು ಬಿಡಲಿಲ್ಲ. ದತ್ತುಪುತ್ರನಿಗೆ ಗಾದಿ ದೊರೆಯಬೇಕೆಂದು ಕಾದನು. ಗಲ್ಲಿನ ಸಾವಿಗೆ ಶಾಸ್ತ್ರದಲ್ಲಿ ಅಪ್ಸರೆಯರಿಲ್ಲ. ಆತನ ಸಮಾಧಿಯ ಬಳಿ ಒಂದು ಆಲದ ಮರವಿದೆ. ಸಂಗಡಿಗನೊಬ್ಬನು ನೆಟ್ಟುದೆಂದು ಜನ ಹೇಳುವರು. ಮಕ್ಕಳಿಲ್ಲದ ಹೆಣ್ಣುಮಕ್ಕಳು ಅಲ್ಲಿಗೆ ಬಂದು ಹರಕೆ ಹೊತ್ತು, ಅದರ ಕೊಂಬೆಗಳಿಗೆ ಚಿಕ್ಕಚಿಕ್ಕ ತೊಟ್ಟಿಲುಗಳನ್ನು ಕಟ್ಟಿ ಹೋಗುತ್ತಾರೆ.